ಮಗನ ಚೀಲದಲ್ಲಿ ಸಿಕ್ಕ ಪುಡಿ, ಮಗಳ ಶಾಲೆಯಿಂದ ಬಂದ ಚೀಟಿ

ಪ್ರಶ್ನೆ: ಡಾಕ್ಟರ್ ಮೇಡಂ, ನಾವು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನವರು. ಮನೆಯವರು ಪುಣೆಯಲ್ಲಿ ಕಟ್ಟಡದ ಕೆಲಸ ಮಾಡುತ್ತಾರೆ. ಹಬ್ಬಕ್ಕೆ, ಜಾತ್ರೆಗೆ ಊರಿಗೆ ಬರುತ್ತಾರೆ. ಮನೆಯಲ್ಲಿ ನಾನು, ನಮ್ಮತ್ತೆ, ಇಬ್ಬರು ಮಕ್ಕಳು. ಮಗನಿಗೆ 15 ವರ್ಷ, ಹತ್ತನೇ ಕ್ಲಾಸು. ಕೆಲವು ತಿಂಗಳಿಂದ ಮಂಕಾಗಿದ್ದಾನೆ. ಸುಸ್ತು ಅನ್ನುತ್ತಾನೆ, ಗೆಳೆಯರ ಜೊತೆ ಆಡಲು ಹೋಗುವುದಿಲ್ಲ. ಮೊನ್ನೆ ಅವನ ಚೀಲದಲ್ಲಿ ಒಂದು ಪುಡಿ ಡಬ್ಬಿ ಸಿಕ್ಕಿತು. ಮೇಲೆ 'ಧಾತು ಪುಷ್ಟಿ' ಅಂತ ಬರೆದಿತ್ತು. ಫೋನಿನಲ್ಲಿ ಜಾಹೀರಾತು ನೋಡಿ ತರಿಸಿದ್ದಾನೆ. ಕೇಳಿದರೆ ಅತ್ತುಬಿಟ್ಟ, ಬಾಯಿ ಬಿಡಲಿಲ್ಲ. ಇದೇ ಹೊತ್ತಿಗೆ ಮಗಳ ಶಾಲೆಯಿಂದ ಚೀಟಿ ಬಂದಿದೆ. ಅವಳಿಗೆ 12 ತುಂಬಿದೆ, ಇನ್ನೂ ದೊಡ್ಡಾಕಿ ಆಗಿಲ್ಲ. ಹೆಣ್ಣುಮಕ್ಕಳಿಗೆ ಮೈ ಬದಲಾವಣೆ, ಲೈಂಗಿಕ ಆರೋಗ್ಯದ ಬಗ್ಗೆ ಕ್ಲಾಸು ಇಡುತ್ತಾರಂತೆ, ಪಾಲಕರ ಸಹಿ ಬೇಕಂತೆ. ನಮ್ಮತ್ತೆ, 'ಇಂಥಾವೆಲ್ಲಾ ಹೇಳಿಕೊಟ್ರ ಹುಡುಗ್ರು ಕೆಡ್ತಾವ, ಹತ್ತನೇತ್ತ ಮುಗಿದ ಮ್ಯಾಲ ಮದಿವಿ ಮಾಡಿಬಿಡ್ರಿ' ಅನ್ನುತ್ತಾರೆ. ಮನೆಯವರು ಫೋನಿನಲ್ಲಿ 'ನಿನಗ ತಿಳಿದಂಗ ಮಾಡು' ಅಂದರು. ನಾನೇ ಏಳನೇ ಕ್ಲಾಸು ಓದಿದವಳು. ಸಹಿ ಹಾಕಲೋ ಬೇಡವೋ? ಮಗನಿಗೆ ಏನು ಹೇಳಲಿ?

ಉತ್ತರ: ತಾಯಿ, ನೀವು ಎರಡು ಪ್ರಶ್ನೆ ಬರೆದಿದ್ದೀರಿ. ಕಲಬುರಗಿಯಲ್ಲಿ ಮಕ್ಕಳ ಮತ್ತು ಹದಿಹರೆಯದವರ ವೈದ್ಯೆಯಾಗಿ ನಾನು ನೋಡುವಂತೆ ಅವೆರಡೂ ಒಂದೇ ಪ್ರಶ್ನೆ. ಮಗನಿಗೆ ಯಾರೂ ಏನೂ ಹೇಳಲಿಲ್ಲ, ಅದಕ್ಕೇ ಪುಡಿ ಮಾರುವವನು ಹೇಳಿದ. ಮಗಳಿಗೆ ಹೇಳಲು ಶಾಲೆ ಮುಂದೆ ಬಂದಿದೆ. ಹೇಳಿದರೆ ಕೆಡುತ್ತಾಳೇನೋ ಎಂಬ ಭಯ ನಿಮಗಿದೆ. ಹೇಳದೇ ಇದ್ದರೆ ಏನಾಗುತ್ತದೆ ಎಂಬುದು ನಿಮ್ಮ ಮಗನ ಚೀಲದಲ್ಲೇ ಇದೆ.

ಮೊದಲು ಮಗನ ವಿಷಯ ಮಾತಾಡೋಣ. ಅವನು ಈಗ ಸಂಕಟದಲ್ಲಿದ್ದಾನೆ.

ಆ ಪುಡಿಯನ್ನು ಇವತ್ತೇ ನಿಲ್ಲಿಸಿ. ಬಿಸಾಡಬೇಡಿ, ಡಬ್ಬಿ ಸಮೇತ ಎತ್ತಿಡಿ, ವೈದ್ಯರಿಗೆ ತೋರಿಸಲು ಬೇಕಾಗುತ್ತದೆ. ಇಂಥ ಪುಡಿಗಳಲ್ಲಿ ಏನಿದೆ ಎಂದು ಲೇಬಲ್ ನೋಡಿ ತಿಳಿಯುವುದಿಲ್ಲ. ಕೆಲವದರಲ್ಲಿ ಸೀಸ, ಪಾದರಸ ಸಿಕ್ಕಿದ ಉದಾಹರಣೆಗಳಿವೆ. ಕೆಲವದರಲ್ಲಿ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಅದನ್ನು ತಿಂದರೆ ಮೊದಲು ಹಸಿವೆ ಜಾಸ್ತಿಯಾಗಿ, ಮುಖ ತುಂಬಿಕೊಂಡು, 'ಗುಣ ಆಯ್ತು' ಅನಿಸುತ್ತದೆ. ತೊಂದರೆ ಆಮೇಲೆ ಕಾಣುತ್ತದೆ. ಅವನು ಬಹಳ ದಿನದಿಂದ ತಿನ್ನುತ್ತಿದ್ದು, ಒಮ್ಮೆಲೇ ನಿಲ್ಲಿಸಿದ ಮೇಲೆ ತಲೆಸುತ್ತು, ವಾಂತಿ, ವಿಪರೀತ ನಿಶ್ಶಕ್ತಿ ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಎಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಆದರೂ ಬಸ್‌ಸ್ಟ್ಯಾಂಡ್ ಗೋಡೆಯಿಂದ ಮಕ್ಕಳ ಫೋನಿನವರೆಗೆ ಅದು ಬಂದು ಕೂತಿದೆ. ನನಗೆ ಇದರ ಮೇಲೆ ಬಹಳ ಸಿಟ್ಟಿದೆ. ಮೊದಲು ಹುಡುಗನಿಗೆ ರೋಗ ಇದೆ ಎಂದು ನಂಬಿಸುತ್ತಾರೆ, ಆಮೇಲೆ ಔಷಧಿ ಮಾರುತ್ತಾರೆ.

ನಿಮ್ಮ ಮಗನಿಗೆ ಏನಾಗಿರಬಹುದು? ನೋಡದೆ ಖಚಿತವಾಗಿ ಹೇಳಲಾರೆ. ಆದರೆ ಈ ವಯಸ್ಸಿನ ಹುಡುಗ, ಸುಸ್ತು, ಮಂಕು, ಧಾತು ಪುಡಿ, ಇಷ್ಟೂ ಒಟ್ಟಿಗೆ ಇದ್ದರೆ ಬಹಳ ಸಲ ಕಥೆ ಹೀಗಿರುತ್ತದೆ. ರಾತ್ರಿ ನಿದ್ದೆಯಲ್ಲಿ ವೀರ್ಯ ಹೋಗಿ ಬಟ್ಟೆ ಒದ್ದೆಯಾಗಿದೆ. ಇಲ್ಲವೇ ಹಸ್ತಮೈಥುನ ಮಾಡಿಕೊಂಡಿದ್ದಾನೆ. ಗಾಬರಿಯಾಗಿದ್ದಾನೆ. ಯಾರೋ ದೊಡ್ಡ ಹುಡುಗ, '40 ಹನಿ ರಕ್ತ ಸೇರಿ ಒಂದು ಹನಿ ಧಾತು ಆಗ್ತದ, ಅದು ಹೋದ್ರ ಶಕ್ತಿ ಹೋದಂಗ' ಎಂದಿದ್ದಾನೆ. ಫೋನಿನಲ್ಲಿ ಹುಡುಕಿದಾಗ ಅದೇ ಮಾತು ಇನ್ನೂ ಭಯಂಕರವಾಗಿ ಸಿಕ್ಕಿದೆ.

ಈ 40 ಹನಿಯ ಲೆಕ್ಕ ಪೂರ್ತಿ ಸುಳ್ಳು. ವೀರ್ಯ ರಕ್ತದಿಂದ ಸೋಸಿ ತೆಗೆದ ಸತ್ವ ಅಲ್ಲ. ಅದರ ಬಹುಪಾಲು ಕೆಲವು ಗ್ರಂಥಿಗಳು ತಯಾರಿಸುವ ದ್ರವ, ವೀರ್ಯಾಣುಗಳ ಪಾಲು ತೀರಾ ಕಡಿಮೆ. ಒಂದು ಸಲ ಹೋಗುವುದು ಸುಮಾರು 2ರಿಂದ 5 ಮಿಲಿಲೀಟರ್, ಅಂದರೆ ಒಂದು ಚಹಾ ಚಮಚದಷ್ಟು. ವೃಷಣಗಳು ಹದಿಹರೆಯದಲ್ಲಿ ಕೆಲಸ ಶುರು ಮಾಡಿದ ಮೇಲೆ ದಿನಾ ಹೊಸ ವೀರ್ಯಾಣು ತಯಾರಿಸುತ್ತಲೇ ಇರುತ್ತವೆ. ನಿದ್ದೆಯಲ್ಲಿ ಹೋಗುವುದು ಆ ಕೆಲಸ ಸರಿಯಾಗಿ ಶುರುವಾಗಿದೆ ಎಂಬುದರ ಗುರುತು. ಕೆಲವರಿಗೆ ವಾರದಲ್ಲಿ ಎರಡು ಮೂರು ಸಲ ಆಗುತ್ತದೆ, ಕೆಲವರಿಗೆ ಆಗುವುದೇ ಇಲ್ಲ. ಎರಡೂ ಸಹಜ. ಹಸ್ತಮೈಥುನದಿಂದ ಕಣ್ಣು ಹೋಗುವುದಿಲ್ಲ, ಮೂಳೆ ಸವೆಯುವುದಿಲ್ಲ, ಮುಂದೆ ಮಕ್ಕಳಾಗದೇ ಇರುವುದಿಲ್ಲ. ಓದು, ಆಟ, ನಿದ್ದೆ ಎಲ್ಲವನ್ನೂ ಬಿಟ್ಟು ಅದರಲ್ಲೇ ಮುಳುಗಿದರೆ ಮಾತ್ರ ಆಪ್ತ ಸಮಾಲೋಚಕರ ಹತ್ತಿರ ಮಾತಾಡಿಸಬೇಕು.

ಇನ್ನೊಂದು ಸಂಗತಿ ಹುಡುಗರನ್ನು ಬಹಳ ಹೆದರಿಸುತ್ತದೆ. ಮೂತ್ರ ಒಮ್ಮೊಮ್ಮೆ ಬೆಳ್ಳಗೆ, ಮಬ್ಬಾಗಿ ಬರುತ್ತದೆ. ಅದನ್ನೇ ಧಾತು ಹೋಗುತ್ತಿದೆ ಅಂದುಕೊಳ್ಳುತ್ತಾರೆ. ಬಹಳ ಸಲ ಅದು ಫಾಸ್ಫೇಟ್ ಎಂಬ ಲವಣ, ನಾವು ತಿನ್ನುವ ಊಟದಿಂದ ಬರುವಂಥದ್ದು. ನಮ್ಮ ಕಡೆಯ ಬಿಸಿಲಲ್ಲಿ ನೀರು ಕಡಿಮೆ ಕುಡಿದರೆ ಮೂತ್ರ ಗಟ್ಟಿಯಾಗಿ ಇನ್ನೂ ಜಾಸ್ತಿ ಕಾಣುತ್ತದೆ. ಉರಿ ಇದ್ದರೆ, ಜ್ವರ ಇದ್ದರೆ ಸೋಂಕು ಇರಬಹುದು. ಒಂದು ಮೂತ್ರ ಪರೀಕ್ಷೆಯಲ್ಲಿ ತಿಳಿಯುತ್ತದೆ. ಹಾಗೆಯೇ ಈ ವಯಸ್ಸಿನ ಬಹಳ ಹುಡುಗರಿಗೆ ಎದೆ ಸ್ವಲ್ಪ ಉಬ್ಬಿ ನೋಯುತ್ತದೆ. 'ನಾನು ಹೆಣ್ಣಾಗ್ತಿದ್ದೀನಾ' ಎಂದು ಅಂಗಿ ಬಿಚ್ಚಲೂ ಹೆದರುತ್ತಾರೆ. ಅದು ಹಾರ್ಮೋನಿನ ಏರಿಳಿತ, ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ತಾನೇ ಇಳಿಯುತ್ತದೆ.

ಹಾಗಾದರೆ ಸುಸ್ತು ಎಲ್ಲಿಂದ ಬಂತು? ಭಯದಿಂದಲೇ ಬರುತ್ತದೆ. ಮನೋವೈದ್ಯ ಎನ್.ಎನ್. ವಿಗ್ ಅವರು 1960ರಲ್ಲೇ ಇದನ್ನು ಗುರುತಿಸಿ 'ಧಾತ್ ಸಿಂಡ್ರೋಮ್' ಎಂದು ಹೆಸರಿಟ್ಟರು. ಶಕ್ತಿ ಸೋರಿಹೋಗುತ್ತಿದೆ ಎಂದು ನಂಬಿದ ಹುಡುಗನಿಗೆ ನಿಜವಾಗಿಯೂ ಕೈಕಾಲು ಬೀಳುತ್ತವೆ, ಊಟ ಸೇರುವುದಿಲ್ಲ, ಓದು ತಲೆಗೆ ಹತ್ತುವುದಿಲ್ಲ. ಅವನು ನಾಟಕ ಮಾಡುತ್ತಿಲ್ಲ. ಇದರ ಜೊತೆ ರಕ್ತಹೀನತೆಯೂ ಇರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗರಲ್ಲಿ ನೂರಕ್ಕೆ 31 ಮಂದಿಗೆ, ಹುಡುಗಿಯರಲ್ಲಿ 59 ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ರಾತ್ರಿ ಫೋನು ಹಿಡಿದು ಎಷ್ಟು ಹೊತ್ತಿಗೆ ಮಲಗುತ್ತಾನೆ ಅನ್ನುವುದನ್ನೂ ನೋಡಿ.

ಒಂದು ಮಾತು ಒತ್ತಿ ಹೇಳುತ್ತೇನೆ. ಮಂಕಾಗಿರುವುದಕ್ಕೆ ಪುಡಿಯೊಂದೇ ಕಾರಣ ಎಂದು ತೀರ್ಮಾನಿಸಬೇಡಿ. ಯಾರಾದರೂ ಅವನ ಫೋಟೊ ಅಥವಾ ವಿಡಿಯೊ ಇಟ್ಟುಕೊಂಡು ದುಡ್ಡಿಗೆ ಹೆದರಿಸುತ್ತಿರಬಹುದು. ಯಾರಾದರೂ ಅವನ ಮೈಮೇಲೆ ಕೈ ಹಾಕಿರಬಹುದು. 'ಸಾಯಬೇಕು ಅನಿಸ್ತದ' ಎಂಬಂಥ ಮಾತು ಬಂದರೆ ಅದನ್ನು ಸುಮ್ನೆ ಬಿಡಬೇಡಿ, ಅವನನ್ನು ಒಬ್ಬನೇ ಇರಲು ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಯಾವ ಹೊತ್ತಿನಲ್ಲೂ ಮಾತಾಡುತ್ತಾರೆ. ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಈಗ, ಅವನಿಗೆ ಹೇಗೆ ಹೇಳುವುದು? ಎದುರಿಗೆ ಕೂರಿಸಿಕೊಂಡು ವಿಚಾರಣೆ ಮಾಡಬೇಡಿ. ಹೊಲಕ್ಕೆ ಹೋಗುವಾಗಲೋ, ಶೇಂಗಾ ಸುಲಿಯುತ್ತ ಕೂತಾಗಲೋ, ಕಣ್ಣು ಕೂಡದ ಹೊತ್ತಿನಲ್ಲಿ ಶುರು ಮಾಡಿ. 'ಪುಡಿ ತರಿಸಿದ್ದಕ್ಕ ನಾ ಬೈಯಂಗಿಲ್ಲ. ನಿನ್ನ ವಯಸ್ಸಿನ ಹುಡುಗ್ರಿಗೆ ರಾತ್ರಿ ಬಟ್ಟಿ ಹಸಿ ಆಗ್ತದ, ಅದು ರೋಗ ಅಲ್ಲ, ಬಾಳ ಮಂದಿಗಿ ಆಗ್ತದ. ಡಾಕ್ಟರು ಹಿಂಗ ಬರದಾರ, ನೀನೇ ಓದು' ಎಂದು ಈ ಪುಟವನ್ನು ಅವನ ಕೈಗೆ ಕೊಡಿ. ಅಷ್ಟು ಸಾಕು. ಅವನು ಅವತ್ತು ಏನೂ ಮಾತಾಡದಿದ್ದರೂ ಚಿಂತೆಯಿಲ್ಲ. ಅವ್ವನಿಗೆ ಇದು ಗೊತ್ತಿದೆ, ಬೈಯಲಿಲ್ಲ ಅನ್ನುವುದು ಅವನಿಗೆ ತಿಳಿದರೆ ಆಮೇಲೆ ತಾನೇ ಬರುತ್ತಾನೆ.

ಅವನ ಅಪ್ಪನನ್ನೂ ಬಿಡಬೇಡಿ. 'ನಿನಗ ತಿಳಿದಂಗ ಮಾಡು' ಅಂದರೆ ಅವರ ಜವಾಬ್ದಾರಿ ಮುಗಿಯುವುದಿಲ್ಲ. ಪುಣೆಯಿಂದಲೇ ಫೋನಿನಲ್ಲಿ, ಮಗ ಒಬ್ಬನೇ ಇದ್ದಾಗ, 'ನನಗೂ ನಿನ್ನ ವಯಸ್ಸಿನ್ಯಾಗ ಹಿಂಗೇ ಆಗಿತ್ತು, ಏನೂ ಆಗಿಲ್ಲ ನೋಡು' ಎಂದು ಹೇಳಲಿ. ನನ್ನ ಅನುಭವದಲ್ಲಿ ಅಪ್ಪನ ಈ ಒಂದು ಮಾತಿನಷ್ಟು ಬೇಗ ಕೆಲಸ ಮಾಡುವ ಔಷಧಿ ಇಲ್ಲ.

ಫೋನು ಕಿತ್ತುಕೊಳ್ಳಬೇಕಾ ಎಂದು ಬಹಳ ತಾಯಂದಿರು ಕೇಳುತ್ತಾರೆ. ಕಿತ್ತುಕೊಂಡರೆ ಗೆಳೆಯನ ಫೋನಿನಲ್ಲಿ ನೋಡುತ್ತಾನೆ, ನಿಮಗೆ ಹೇಳುವುದನ್ನು ಮಾತ್ರ ನಿಲ್ಲಿಸುತ್ತಾನೆ. ಪೂರ್ತಿ ಬಿಟ್ಟರೂ ತೊಂದರೆಯೇ. ರಾತ್ರಿ ಊಟವಾದ ಮೇಲೆ ಮನೆಯ ಎಲ್ಲರ ಫೋನೂ, ನಿಮ್ಮದೂ ಸೇರಿ, ಪಡಸಾಲೆಯಲ್ಲಿ ಒಂದೇ ಕಡೆ ಇರಲಿ. ಅಶ್ಲೀಲ ವಿಡಿಯೊ ನೋಡಿದ್ದರೆ ಎರಡು ವಿಷಯ ತಿಳಿಸಿ. ಅದರಲ್ಲಿ ಕಾಣುವುದು ದುಡ್ಡಿಗೆ ಮಾಡಿದ ಅಭಿನಯ, ಅಲ್ಲಿ ಹೆಣ್ಣಿನ ಒಪ್ಪಿಗೆ, ನೋವು, ಮನಸ್ಸು ಯಾವುದೂ ಲೆಕ್ಕಕ್ಕಿಲ್ಲ, ನಿಜವಾದ ಸಂಬಂಧ ಹಾಗಿರುವುದಿಲ್ಲ. ಎರಡನೆಯದು ಕಾನೂನು. 18 ದಾಟದವರ ಅಂಥ ಚಿತ್ರವನ್ನು ಇಟ್ಟುಕೊಳ್ಳುವುದೂ ಹಂಚುವುದೂ ಅಪರಾಧ. ಕ್ಲಾಸಿನ ಹುಡುಗಿಯ ಫೋಟೊ ಗ್ರೂಪಿಗೆ ಹಾಕಿದ ಹುಡುಗ 'ನನಗೆ ಗೊತ್ತಿರಲಿಲ್ಲ' ಅಂದರೆ ಪೊಲೀಸರು ಬಿಡುವುದಿಲ್ಲ.

ಇನ್ನು ನಿಮ್ಮತ್ತೆಯವರ ಮಾತು. 'ಹೇಳಿದರೆ ಕೆಡುತ್ತಾರೆ' ಅನ್ನುವ ಭಯ ಅವರೊಬ್ಬರದಲ್ಲ. 2007ರಲ್ಲಿ ಶಾಲೆಗಳಲ್ಲಿ ಹದಿಹರೆಯದ ಶಿಕ್ಷಣ ತರಲು ಹೊರಟಾಗ ನಮ್ಮ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಬೇಡ ಎಂದವು. ಆಗ ಶಾಲೆಯಲ್ಲಿದ್ದ ಹುಡುಗಿಯರು ಈಗ ತಾಯಂದಿರಾಗಿ ನನ್ನ ಹತ್ತಿರ ಬರುತ್ತಾರೆ, ತಮ್ಮ ಮಗಳಿಗೆ ಏನು ಹೇಳಬೇಕು ಎಂದು ಕೇಳುತ್ತಾರೆ. ಜಗತ್ತಿನ ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿ ವಿಶ್ವಸಂಸ್ಥೆಯ ಶಿಕ್ಷಣ ಸಂಸ್ಥೆ ಯುನೆಸ್ಕೊ 2018ರಲ್ಲಿ ಮಾರ್ಗಸೂಚಿ ಹೊರತಂದಿತು. ಇಂಥ ಶಿಕ್ಷಣದಿಂದ ಮಕ್ಕಳು ಬೇಗ ಲೈಂಗಿಕ ಸಂಬಂಧಕ್ಕೆ ಇಳಿಯುತ್ತಾರೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ಸರಿಯಾಗಿ ಕಲಿಸಿದ ಕಡೆ ತಡವಾಗಿಯೇ ಶುರು ಮಾಡುತ್ತಾರೆ, ಅಪಾಯ ಕಡಿಮೆ ಮಾಡಿಕೊಳ್ಳುತ್ತಾರೆ. 2024ರ ಸೆಪ್ಟೆಂಬರಿನ ಒಂದು ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕೂಡ ಈ ಭಯ ತಪ್ಪು ತಿಳಿವಳಿಕೆ ಎಂದು ಹೇಳಿ, ಲೈಂಗಿಕ ಶಿಕ್ಷಣಕ್ಕೆ ಒತ್ತು ಕೊಟ್ಟಿತು.

ಆದರೆ ಅತ್ತೆಯವರ ಮುಂದೆ ಯುನೆಸ್ಕೊ ಹೆಸರು ಹೇಳಿ ಪ್ರಯೋಜನವಿಲ್ಲ ಅಲ್ವಾ? ಅವರಿಗೆ ಮೊಮ್ಮಗಳ ರಕ್ಷಣೆ ಮುಖ್ಯ. ಆ ಕಡೆಯಿಂದಲೇ ಮಾತಾಡಿ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ 13 ರಾಜ್ಯಗಳ 12,000ಕ್ಕೂ ಹೆಚ್ಚು ಮಕ್ಕಳನ್ನು ಮಾತಾಡಿಸಿತ್ತು. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ಕಿರುಕುಳ ಆಗಿದೆ ಎಂದರು. ಅವರಲ್ಲಿ ಹುಡುಗರೇ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇದ್ದರು. ಈಗ ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯಿದೆಯ ಪ್ರಕರಣಗಳನ್ನು ನೋಡಿದರೆ ಆರೋಪಿಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿ ಮಗುವಿಗೆ ಪರಿಚಯ ಇರುವವರೇ. ನೆಂಟರು, ನೆರೆಯವರು, ದಿನಾ ಕಾಣುವವರು. ನಮ್ಮ ಜಿಲ್ಲೆಗಳಲ್ಲಿ ತಂದೆತಾಯಿ ಗುಳೆ ಹೋದಾಗ ಮಕ್ಕಳು ಮುತ್ಯಾ, ಆಯಿ, ಕಾಕಾನ ಮನೆಯಲ್ಲೋ ಹಾಸ್ಟೆಲಿನಲ್ಲೋ ಉಳಿಯುತ್ತಾರೆ. ಬಹಳ ಮನೆಗಳಲ್ಲಿ ಪ್ರೀತಿಯಿಂದಲೇ ನೋಡಿಕೊಳ್ಳುತ್ತಾರೆ. ಆದರೆ ಎಲ್ಲಾದರೂ ತಪ್ಪು ನಡೆದರೆ ಹೇಳಲು ಆ ಮಗುವಿಗೆ ಮಾತೇ ಇರುವುದಿಲ್ಲ. ನನ್ನ ಹತ್ತಿರ ಅಂಥ ಮಕ್ಕಳು 'ಹೊಟ್ಟೆನೋವು' ಎಂದು ಬರುತ್ತಾರೆ. ಮೈಯ ಯಾವ ಭಾಗ ಯಾವುದು, ಯಾರು ಮುಟ್ಟಬಾರದು, ಮುಟ್ಟಿದರೆ ಯಾರಿಗೆ ಹೇಳಬೇಕು ಎಂದು ಗೊತ್ತಿರುವ ಹುಡುಗಿ ಮೊದಲ ದಿನವೇ ಕೂಗುತ್ತಾಳೆ. ಮಕ್ಕಳ ಸಹಾಯವಾಣಿ 1098 ನಿಮ್ಮ ಇಬ್ಬರು ಮಕ್ಕಳಿಗೂ ಬಾಯಿಪಾಠ ಇರಲಿ.

ಮಗಳಿಗೆ ಮುಟ್ಟಿನ ಬಗ್ಗೆ ಈಗಲೇ ಹೇಳಬೇಕು. ಸಾಮಾನ್ಯವಾಗಿ ಎದೆ ಬೆಳೆಯಲು ಶುರುವಾದ ಎರಡು ವರ್ಷದ ಆಸುಪಾಸಿನಲ್ಲಿ ಮೊದಲ ಮುಟ್ಟು ಬರುತ್ತದೆ. ಅವಳಿಗೆ 12 ತುಂಬಿದೆ, ದಿನ ದೂರವಿಲ್ಲ. ಏನೂ ತಿಳಿಯದ ಹುಡುಗಿ ಶಾಲೆಯಲ್ಲಿ ರಕ್ತ ಕಂಡರೆ ತನಗೆ ಏನೋ ದೊಡ್ಡ ರೋಗ ಬಂತು ಎಂದೇ ಹೆದರುತ್ತಾಳೆ. ಚೀಲದಲ್ಲಿ ಒಂದು ಪ್ಯಾಡ್, ಒಂದು ಚಡ್ಡಿ ಈಗಿನಿಂದಲೇ ಇರಲಿ. ಶಾಲೆ ಹುಡುಗಿಯರಿಗೆ 'ಶುಚಿ' ಯೋಜನೆಯಲ್ಲಿ ಪ್ಯಾಡ್ ಕೊಡುತ್ತಾರೆ, ಟೀಚರ್ ಹತ್ತಿರ ವಿಚಾರಿಸಿ. ಬಟ್ಟೆ ಬಳಸುವ ಮನೆಯಾದರೆ ಸೋಪು ಹಾಕಿ ತೊಳೆದು ಬಿಸಿಲಿನಲ್ಲೇ ಒಣಗಿಸಬೇಕು. ಯಾರಿಗೂ ಕಾಣದಂತೆ ಮೂಲೆಯಲ್ಲಿ ಒಣಗಿಸಿದರೆ ಸೋಂಕು ಹಿಡಿಯಬಹುದು. ಮೊದಲ ಎರಡು ವರ್ಷ ತಿಂಗಳು ಏರುಪೇರಾಗುವುದು ಸಹಜ. ಏಳು ದಿನ ದಾಟಿ ಹೋದರೆ, ಒಂದೆರಡು ಗಂಟೆಗೇ ಪ್ಯಾಡ್ ತೊಯ್ದರೆ, 15 ವರ್ಷವಾದರೂ ಮುಟ್ಟು ಬರದಿದ್ದರೆ ವೈದ್ಯರಿಗೆ ತೋರಿಸಿ. ಶಾಲೆಯ ಶೌಚಾಲಯ ಚೆನ್ನಾಗಿಲ್ಲ ಎಂದು ಬೆಳಗಿನಿಂದ ನೀರೇ ಕುಡಿಯದ ಹುಡುಗಿಯರನ್ನು ನಾನು ಬೇಸಿಗೆಯಲ್ಲಿ ಬಹಳ ನೋಡುತ್ತೇನೆ, ಮೂತ್ರದ ಸೋಂಕು ಮಾಡಿಕೊಂಡು ಬಂದಿರುತ್ತಾರೆ. ಅದನ್ನೂ ಕೇಳಿಕೊಳ್ಳಿ.

ದೊಡ್ಡಾಕಿ ಆದಾಗ ಆರತಿ ಮಾಡಿ ಉಡಿ ತುಂಬುವ ಪದ್ಧತಿ ನಿಮ್ಮಲ್ಲಿದ್ದರೆ ಮಗಳನ್ನು ಕೇಳಿ ಮಾಡಿ. ಅವಳಿಗೆ ಖುಷಿಯಾದರೆ ಮನೆಮಟ್ಟಿಗೆ ಮಾಡಬಹುದು. ಊರಿಗೆಲ್ಲ ಕರೆ ಕೊಟ್ಟರೆ ಮಾರನೇ ದಿನದಿಂದ ಮದುವೆ ಮಾತು ಶುರುವಾಗುತ್ತದೆ. ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಮದುವೆ ಮಾತಿಗೆ ಉತ್ತರ ಚಿಕ್ಕದು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ಆಗುವ ಮೊದಲು ಮದುವೆ ಮಾಡಿದರೆ ಮಾಡಿಸಿದ ದೊಡ್ಡವರ ಮೇಲೆ ಕೇಸು. ಕರ್ನಾಟಕದ ತಿದ್ದುಪಡಿಯಂತೆ ಆ ಮದುವೆ ಮೊದಲಿನಿಂದಲೂ ಮದುವೆಯೇ ಅಲ್ಲ. ಸೋದರಮಾವನ ಮಗನಾದರೂ ಅಷ್ಟೇ, ಗುಡಿಯಲ್ಲಿ ಸದ್ದಿಲ್ಲದೆ ಮಾಡಿದರೂ ಅಷ್ಟೇ. ಮೈ ಇನ್ನೂ ಬೆಳೆಯುತ್ತಿರುವಾಗ ಬಸಿರಾದರೆ ರಕ್ತಹೀನತೆ, ಬಿಪಿ ಏರುವುದು, ಹೆರಿಗೆಯಲ್ಲಿ ಕಷ್ಟ, ಕಡಿಮೆ ತೂಕದ ಮಗು, ಇಷ್ಟೂ ಅಪಾಯ ಹೆಚ್ಚು. ನಿಮ್ಮತ್ತೆಯವರ ಕಾಲದಲ್ಲಿ ಎಷ್ಟು ಬಾಣಂತಿಯರು ಉಳಿಯಲಿಲ್ಲ ಎಂದು ಅವರನ್ನೇ ಮೆಲ್ಲಗೆ ಕೇಳಿ. ಅವರಿಗೆ ನನಗಿಂತ ಜಾಸ್ತಿ ಗೊತ್ತಿರುತ್ತದೆ.

ಇನ್ನೊಂದು ಕಾನೂನನ್ನು ಮಗನಿಗೂ ಹೇಳಿ. ಪೋಕ್ಸೊ ಬಂದಿದ್ದು 2012ರಲ್ಲಿ. 18 ತುಂಬದ ಹುಡುಗಿ 'ನಾನೇ ಒಪ್ಪಿದ್ದೆ' ಅಂದರೂ ಕಾನೂನು ಅದನ್ನು ಒಪ್ಪಿಗೆ ಎಂದು ಎಣಿಸುವುದಿಲ್ಲ. ಪ್ರೀತಿ ಮಾಡಿ ಓಡಿಹೋದ 17ರ ಹುಡುಗ ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲುತ್ತಾನೆ, ಹುಡುಗಿ ಬಾಲಮಂದಿರ ಸೇರುತ್ತಾಳೆ. ಇಬ್ಬರ ಓದೂ ನಿಲ್ಲುತ್ತದೆ. ಇದನ್ನು ಇಬ್ಬರಿಗೂ ಮೊದಲೇ ಹೇಳಿದವರು ಯಾರೂ ಇರುವುದಿಲ್ಲ.

ಈಗ ಚೀಟಿಯ ವಿಷಯ. ಶಾಲೆಯ ಕ್ಲಾಸಿಗೂ ಮಿತಿಗಳಿವೆ. ವಿಜ್ಞಾನ ಪುಸ್ತಕದಲ್ಲಿ ಪಾಠ ಇದ್ದರೂ 'ಮನೆಯಲ್ಲಿ ಓದಿಕೊಳ್ಳಿ' ಎಂದು ಪುಟ ತಿರುವುವ ಮಾಸ್ತರರು ಇದ್ದಾರೆ. ಹೊರಗಿನಿಂದ ಬಂದವರು ಒಂದು ಗಂಟೆ ಮಾತಾಡಿ ಹೆದರಿಸಿ ಹೋಗುವುದೂ ಉಂಟು. ಹಾಗಾಗಿ ಯಾರು ಹೇಳುತ್ತಾರೆ, ಏನೇನು ಹೇಳುತ್ತಾರೆ, ಮಕ್ಕಳು ಹೆಸರು ಬರೆಯದೆ ಚೀಟಿಯಲ್ಲಿ ಪ್ರಶ್ನೆ ಹಾಕಬಹುದಾ ಎಂದು ಟೀಚರ್ ಹತ್ತಿರ ಕೇಳಿ. ತಾಯಂದಿರೂ ಕೂರಬಹುದಾದರೆ ನೀವೂ ಹೋಗಿ, ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಏಳನೇ ಕ್ಲಾಸು ಓದಿದ್ದು ಇದಕ್ಕೆ ಅಡ್ಡಿಯಲ್ಲ. ಮನೆಯಲ್ಲೇ ಹೇಳುತ್ತೇನೆ ಎಂದು ಕ್ಲಾಸು ತಪ್ಪಿಸಿದರೆ ನಾಚಿಕೆಯಿಂದ 'ನಾಳೆ ಹೇಳೋಣ' ಎಂದೇ ದಿನ ಹೋಗುತ್ತದೆ, ಮತ್ತು ಕ್ಲಾಸಿಗೆ ಹೋದ ಗೆಳತಿಯರು ಅರ್ಧಂಬರ್ಧ ಹೇಳುತ್ತಾರೆ. ಕ್ಲಾಸಿಗೆ ಕಳಿಸಿ, ಸಂಜೆ 'ಏನು ಹೇಳಿದ್ರು, ನನಗೂ ಹೇಳು' ಎಂದು ಕೇಳಿ. ಅವಳು ಹೇಳಿದಷ್ಟು ಕೇಳಿದರೆ ಸಾಕು.

ಮಗನನ್ನು ತಾಲ್ಲೂಕು ಆಸ್ಪತ್ರೆಯ 'ಸ್ನೇಹ ಕ್ಲಿನಿಕ್'ಗೆ ಕಳಿಸಿ. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ 10ರಿಂದ 19 ವರ್ಷದವರಿಗೆಂದೇ ಅದು ಇದೆ, ದುಡ್ಡು ಕೊಡಬೇಕಿಲ್ಲ. ಒಳಗೆ ಅವನೊಬ್ಬನೇ ಮಾತಾಡಲಿ, ನೀವು ಹೊರಗೆ ಕೂತಿರಿ. ಊರಿನವರು ನೋಡುತ್ತಾರೆ ಎಂಬ ಮುಜುಗರ ಇದ್ದರೆ ಯಾದಗಿರಿಯ ಜಿಲ್ಲಾ ಆಸ್ಪತ್ರೆಗೋ ಕಲಬುರಗಿಗೋ ಬನ್ನಿ.

ಚೀಟಿಗೆ ಸಹಿ ಹಾಕಿ ಕಳಿಸಿ. ಜೊತೆಗೆ ಮಗನ ಹೈಸ್ಕೂಲಿಗೆ ಹೋಗಿ, ಹುಡುಗರಿಗೆ ಇಂಥ ಕ್ಲಾಸು ಯಾವಾಗ ಎಂದು ಹೆಡ್‌ಮಾಸ್ಟರರನ್ನು ಕೇಳಿ. ಆಸ್ಪತ್ರೆಯ ಹದಿಹರೆಯದ ಆಪ್ತ ಸಮಾಲೋಚಕರು ಶಾಲೆಗಳಿಗೆ ಹೋಗಿ ಮಾತಾಡುವುದೂ ಅವರ ಕೆಲಸದ ಭಾಗ, ಶಾಲೆ ಕರೆಯಬೇಕು ಅಷ್ಟೇ. ಇನ್ನಿಬ್ಬರು ತಾಯಂದಿರನ್ನು ಜೊತೆಗೆ ಕರೆದುಕೊಂಡು ಹೋದರೆ ಹೆಡ್‌ಮಾಸ್ಟರರಿಗೂ ಕರೆಸಲು ಧೈರ್ಯ ಬರುತ್ತದೆ.